ಕಥೆ ತಲೆಯಲ್ಲೇ ಇದೆ, ಕೂತು ಬರೆಯೋದೊಂದು ಬಾಕಿ

ನೀವು ಬರೆಯುವವರು ಎಂದು ಗೊತ್ತಾದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರು ಪಾಯಸ ಬರುವ ಹೊತ್ತಿಗೆ ಮೆಲ್ಲಗೆ ಶುರು ಮಾಡುತ್ತಾರೆ: 'ನನ್ನ ಹತ್ರಾನೂ ಒಂದು ಕಥೆ ಇದೆ ಸಾರ್. ತಲೆಯಲ್ಲಿ ಪೂರ್ತಿ ರೆಡಿ. ಕೂತು ಬರೆಯೋದೊಂದು ಬಾಕಿ.' ಎಷ್ಟು ದಿನದಿಂದ ಎಂದರೆ ಏಳೆಂಟು ವರ್ಷದಿಂದ. ಯಾಕೆ ಕೂತಿಲ್ಲ ಎಂದರೆ ಟೈಮ್ ಇಲ್ಲ.

ಟೈಮ್ ಇಲ್ಲ ಎಂಬುದು ಸುಳ್ಳಲ್ಲ, ಆದರೆ ಅದು ಪೂರ್ತಿ ಕಾರಣವೂ ಅಲ್ಲ. ಕನ್ನಡದ ಎಷ್ಟೋ ಒಳ್ಳೆಯ ಕಥೆ, ಕಾದಂಬರಿಗಳನ್ನು ಬರೆದವರು ಬಿಡುವಿಲ್ಲದವರೇ. ಮಾಸ್ತಿ ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಊರೂರು ವರ್ಗವಾಗುತ್ತಲೇ ಕಥೆ ಬರೆದರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದರು, ಜಯಂತ ಕಾಯ್ಕಿಣಿ ಅದೇ ಊರಿನ ಔಷಧ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದರು. ಎಂ.ಕೆ. ಇಂದಿರಾ ಶಾಲೆಯಲ್ಲಿ ಕಲಿತದ್ದು ಕೆಲವೇ ವರ್ಷ, ಬರೆಯಲು ಕೈಹಚ್ಚಿದ್ದು ನಲವತ್ತೈದರ ಆಸುಪಾಸಿನಲ್ಲಿ. 'ತುಂಗಭದ್ರಾ' ಹೊರಬಂದದ್ದು 1963ರಲ್ಲಿ. ಅದೇ ವರ್ಷ ತ್ರಿವೇಣಿ ತೀರಿಕೊಂಡರು; ಅವರಿಗೆ ಮೂವತ್ತೈದು ತುಂಬಿರಲಿಲ್ಲ, ಆದರೂ ಇಪ್ಪತ್ತರಷ್ಟು ಕಾದಂಬರಿ ಬರೆದು ಮುಗಿಸಿದ್ದರು. ಇವರಲ್ಲಿ ಯಾರ ಮನೆಯ ಗಡಿಯಾರಕ್ಕೂ ಇಪ್ಪತ್ತೈದನೆಯ ತಾಸು ಇರಲಿಲ್ಲ.

ಹಾಗಾದರೆ ತಡೆಯುವುದು ಏನು? ಮುಂದೂಡುವ ಚಾಳಿಯನ್ನು ಬಹುಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರಾದ ಫುಶಿಯಾ ಸಿರೊಯಿಸ್ ಮತ್ತು ಟಿಮ್ ಪಿಚಿಲ್ 2013ರ ಒಂದು ಲೇಖನದಲ್ಲಿ ಇದನ್ನು ಬಿಡಿಸಿಟ್ಟರು. ಮುಂದೂಡುವುದು ಸಮಯ ಹೊಂದಿಸಲಾಗದ ಸಮಸ್ಯೆಗಿಂತ ಹೆಚ್ಚಾಗಿ, ಆ ಗಳಿಗೆಯ ಕಸಿವಿಸಿಯಿಂದ ಪಾರಾಗುವ ಉಪಾಯ. ಬರೆಯಬೇಕು ಎಂಬುದು ನೆನಪಾಗುತ್ತದೆ, ಎದೆಯಲ್ಲಿ ಅಳುಕು ಏಳುತ್ತದೆ. ಎದ್ದು ಹೋಗಿ ಕಪಾಟು ಜೋಡಿಸಿದರೆ ಅಥವಾ ಮೊಬೈಲ್ ತೆರೆದರೆ ಆ ಅಳುಕು ತಕ್ಷಣ ಇಳಿಯುತ್ತದೆ. ಇಳಿದದ್ದೇ ಮನಸ್ಸಿಗೆ ಸಿಕ್ಕ ಬಹುಮಾನ, ಹಾಗಾಗಿ ನಾಳೆಯೂ ಅದೇ ದಾರಿ. ಹೊಸ ವರ್ಷಕ್ಕೆ ಹಾಕಿಕೊಂಡ ವೇಳಾಪಟ್ಟಿ ಸಂಕ್ರಾಂತಿಯವರೆಗೂ ಬಾಳದಿರುವುದು ಇದಕ್ಕೇ. ವೇಳಾಪಟ್ಟಿ ಸಮಯವನ್ನು ಹಂಚಬಲ್ಲದು, ಅಳುಕನ್ನು ಮುಟ್ಟಲಾರದು.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಅಲಾರಾಂ ಇಡುವುದಲ್ಲ. ಒಂದು ಹಾಳೆ ತೆಗೆದುಕೊಂಡು, ಈ ಕಥೆ ಅಚ್ಚಾದರೆ ಅದನ್ನು ಯಾರು ಓದಬಾರದು ಎಂದು ನಿಮಗೆ ಅನಿಸುತ್ತದೋ ಅವರ ಹೆಸರು ಬರೆಯಿರಿ. ಚಿಕ್ಕಪ್ಪನ ಹೆಸರು ಬಂದರೆ ನಿಮ್ಮ ಹೆದರಿಕೆ ಒಂದು ಬಗೆಯದು, ಹೈಸ್ಕೂಲಿನ ಕನ್ನಡ ಮೇಷ್ಟ್ರ ಹೆಸರು ಬಂದರೆ ಇನ್ನೊಂದು ಬಗೆಯದು, ನೀವು ಮೆಚ್ಚುವ ದೊಡ್ಡ ಲೇಖಕರ ಹೆಸರು ಬಂದರೆ ಮತ್ತೊಂದು. ಎಲ್ಲಕ್ಕೂ 'ದಿನಾ ಬರೀರಿ' ಎಂಬ ಒಂದೇ ಕಷಾಯ ಕುಡಿಸುವುದರಿಂದಲೇ ನಮ್ಮ ಸಲಹೆಗಳು ಕೆಲಸಕ್ಕೆ ಬರುತ್ತಿಲ್ಲ ಎಂಬುದು ನನ್ನ ಅಂದಾಜು.

ಊರವರು ಗುರುತು ಹಿಡಿದರೆ?

ಕನ್ನಡದಲ್ಲಿ ಬರೆಯಹೊರಟವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಇದು ಎಲ್ಲಕ್ಕಿಂತ ಗಟ್ಟಿಯಾದ ಹೆದರಿಕೆ. ಕಥೆ ಹುಟ್ಟುವುದು ಕಂಡದ್ದರಿಂದ. ಕಂಡದ್ದು ನಮ್ಮದೇ ಮನೆಯ ನಡುಮನೆಯಲ್ಲಿ, ಓಣಿಯಲ್ಲಿ. ಅತ್ತಿಗೆ ಓದಿ 'ಇದು ನನ್ನ ಬಗ್ಗೆ ಅಲ್ವಾ?' ಎಂದು ಕೇಳಿದರೆ ಏನು ಉತ್ತರ?

ವೈದೇಹಿಯವರ ಹೆಸರಿನ ಹಿಂದೆಯೇ ಇಂಥದ್ದೊಂದು ಸಂಗತಿ ಇದೆ. ಅವರ ನಿಜವಾದ ಹೆಸರು ಜಾನಕಿ. ಶುರುವಿನ ದಿನಗಳಲ್ಲಿ 'ಸುಧಾ' ವಾರಪತ್ರಿಕೆಗೆ ಕಳಿಸಿದ ಒಂದು ಬರಹದಲ್ಲಿ ನಿಜಕ್ಕೂ ನಡೆದ ಘಟನೆ ಇತ್ತು. ಕಳಿಸಿದ ಮೇಲೆ ಮನಸ್ಸು ತಡೆಯದೆ, ಪ್ರಕಟಿಸಬೇಡಿ ಎಂದು ಕೇಳಿಕೊಂಡರು. ಸಂಪಾದಕರು ಪ್ರಕಟಿಸಿಯೇ ಬಿಟ್ಟರು, ಲೇಖಕಿಯ ಹೆಸರಿನ ಜಾಗದಲ್ಲಿ 'ವೈದೇಹಿ' ಎಂದು ಹಾಕಿ. ಅಳುಕಿನಿಂದ ಅಂಟಿದ ಆ ಹೆಸರಿನಲ್ಲೇ ಅವರು ಮುಂದೆ ಎಲ್ಲವನ್ನೂ ಬರೆದರು; 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಆ ಹೆಸರಿಗೇ. ವಸುಧೇಂದ್ರರ 'ಮೋಹನಸ್ವಾಮಿ' ಕಥೆ ಮೊದಲು 'ದೇಶ ಕಾಲ' ಪತ್ರಿಕೆಯಲ್ಲಿ ಬಂದದ್ದು ಬೇರೆ ಹೆಸರಿನಲ್ಲಿ. ಸಲಿಂಗ ಪ್ರೇಮವನ್ನು ಕುರಿತ ಆ ಕಥೆಗಳ ಸಂಕಲನವನ್ನು ಅವರು 2013ರಲ್ಲಿ ತಮ್ಮ ಹೆಸರು ಹಾಕಿಯೇ ತಂದರು. ಗುಪ್ತನಾಮವನ್ನು ಹೇಡಿತನ ಎನ್ನುವವರ ಮಾತಿಗೆ ಬೆಲೆ ಕೊಡಬೇಡಿ. ಬರೆಯುವ ಧೈರ್ಯ, ಅಚ್ಚು ಹಾಕಿಸುವ ಧೈರ್ಯ, ಹೆಸರು ಹಾಕುವ ಧೈರ್ಯ, ಇವು ಮೂರೂ ಒಂದೇ ದಿನ ಬರಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ.

ಮೊದಲ ಕರಡನ್ನು ಯಾರಿಗೂ ತೋರಿಸುವುದಿಲ್ಲ ಎಂದು ನಿಮಗೆ ನೀವೇ ಮಾತು ಕೊಟ್ಟುಕೊಂಡು, ನಿಜವಾದ ಹೆಸರುಗಳನ್ನೇ ಇಟ್ಟು ಬರೆಯಿರಿ. ಬರೆಯುವಾಗಲೇ ಅತ್ತಿಗೆಯನ್ನು ಮರೆಮಾಚಲು ಹೊರಟರೆ ಪಾತ್ರಕ್ಕೆ ಜೀವವೇ ಬರುವುದಿಲ್ಲ. ಮುಗಿದ ಮೇಲೆ, ಎರಡನೆಯ ಕರಡಿನಲ್ಲಿ ಬದಲಿಸಿ. ಹೆಸರು ಬದಲಿಸಿದರೆ ಸಾಲದು, ಊರಿನವರು ಗುರುತು ಹಿಡಿಯುವುದು ವಿವರಗಳಿಂದ: ಕಸುಬು, ಮನೆಯ ದಿಕ್ಕು, ಎಷ್ಟು ಮಕ್ಕಳು, ಯಾವ ಕಾಲು ಕುಂಟು. ಅಡಿಕೆ ಮಂಡಿಯವನನ್ನು ಕೆಎಸ್‌ಆರ್‌ಟಿಸಿ ಕಂಟ್ರೋಲರ್ ಮಾಡಿ, ಅಣ್ಣನನ್ನು ಅಕ್ಕ ಮಾಡಿ, ಇಬ್ಬರನ್ನು ಬೆಸೆದು ಒಬ್ಬರನ್ನಾಗಿಸಿ. ಬದಲಿಸಬಾರದ್ದು ಒಂದೇ, ನಿಮ್ಮನ್ನು ಆ ಕಥೆಯತ್ತ ಎಳೆದ ನೋವು ಅಥವಾ ಬೆರಗು. ವಿವರ ಬದಲಿಸುವ ಈ ಕೆಲಸದಲ್ಲೇ ಎಷ್ಟೋ ಸಲ ಕಥೆ ಸುದ್ದಿಯ ಮಟ್ಟದಿಂದ ಮೇಲೇಳುತ್ತದೆ, ಯಾಕೆಂದರೆ ಅಕ್ಕ ಆದೊಡನೆ ಆ ಪಾತ್ರ ನಿಮಗೆ ಗೊತ್ತಿಲ್ಲದ ಮಾತುಗಳನ್ನು ಆಡಲು ತೊಡಗುತ್ತದೆ. ಆತ್ಮಕಥನ ಬರೆಯುವವರಿಗೆ ಈ ಸೌಕರ್ಯವಿಲ್ಲ. ಬದುಕಿರುವವರ ಖಾಸಗಿ ಸಂಗತಿ ಬರೆಯುವ ಮುಂಚೆ ಅವರಿಗೊಂದು ಮಾತು ಹೇಳುವುದು ಮರ್ಯಾದೆ. ಕಥೆಯಲ್ಲೂ ಎಚ್ಚರ ಬೇಕು. ಹೆಸರು ಬೇರೆಯಿದ್ದರೂ ಓದಿದವರಿಗೆ ಇಂಥವರೇ ಎಂದು ಸ್ಪಷ್ಟವಾಗಿ ತಿಳಿಯುವಂತಿದ್ದರೆ ಮಾನಹಾನಿಯ ಪ್ರಶ್ನೆ ಉಳಿದೇ ಇರುತ್ತದೆ.

ಇನ್ನೊಂದು ಮಾತು. ನಮ್ಮ ನೆಂಟರು ನಾವಂದುಕೊಂಡಷ್ಟು ಓದುವವರಲ್ಲ.

'ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ'

ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ಆಡುವವರು, ಹೊರರಾಜ್ಯಗಳಲ್ಲಿ ಬೆಳೆದವರು ಹೀಗೆನ್ನುತ್ತಾರೆ. ವಿಚಿತ್ರವೆಂದರೆ ರಾಯಚೂರಿನ, ಚಾಮರಾಜನಗರದ ಅಚ್ಚ ಕನ್ನಡಿಗರೂ ತಮ್ಮ ಕನ್ನಡ ಪುಸ್ತಕದ ಕನ್ನಡವಲ್ಲ ಎಂದು ಹಿಂಜರಿಯುತ್ತಾರೆ. ದೇವನೂರ ಮಹಾದೇವ ನಂಜನಗೂಡು ಸೀಮೆಯ ಆಡುನುಡಿಯಲ್ಲೇ ಬರೆದ 'ಕುಸುಮಬಾಲೆ'ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಎಂಬುದನ್ನು ಇಂಥವರಿಗೆ ನೆನಪಿಸಬೇಕು. ಕುವೆಂಪು ಅವರ ಮೊದಲ ಸಂಕಲನ 1922ರ ಇಂಗ್ಲಿಷ್ ಕವಿತೆಗಳದ್ದು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯಲು ಹೇಳಿದ ಮೇಲೆ ಅವರು ಕನ್ನಡದತ್ತ ಹೊರಳಿದರು.

ಈ ಹೆದರಿಕೆಗೆ ಈಗ ಒಳ್ಳೆಯ ಸಾಧನ ಕೈಯಲ್ಲೇ ಇದೆ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದು ಅಕ್ಷರವಾಗುತ್ತದೆ. ತಂಗಿಗೆ ಕಥೆ ಹೇಳುವ ಹಾಗೆ ಹೇಳುತ್ತ ಹೋಗಿ. ತಪ್ಪುತಪ್ಪಾಗಿ ಮೂಡುತ್ತದೆ, ಮೂಡಲಿ. ಆ ತಪ್ಪುಗಳಿಗೆ ಯಂತ್ರವನ್ನು ಬೈದುಕೊಳ್ಳಬಹುದು, ನಿಮ್ಮನ್ನು ಬೈದುಕೊಳ್ಳಬೇಕಿಲ್ಲ. ಅಲ್ಪಪ್ರಾಣ, ಮಹಾಪ್ರಾಣ, ಅಕಾರ, ಹಕಾರಗಳನ್ನು ಕೊನೆಯಲ್ಲಿ ನಿಘಂಟು ಇಟ್ಟುಕೊಂಡು ಅಥವಾ ಬಲ್ಲವರ ಕೈಲಿ ಕೊಟ್ಟು ತಿದ್ದಿಸಿಕೊಳ್ಳಬಹುದು. ಕಾಗುಣಿತ ತಿದ್ದಿಕೊಡುವವರು ಸಿಗುತ್ತಾರೆ, ನಿಮ್ಮ ಓಣಿಯ ಮಾತಿನ ಲಯ ತಂದುಕೊಡುವವರು ಸಿಗುವುದಿಲ್ಲ.

ದೊಡ್ಡವರ ಪಕ್ಕದಲ್ಲಿ ನಿಂತು

ಚೆನ್ನಾಗಿ ಓದಿಕೊಂಡವರ ಕಾಯಿಲೆ ಇದು. ಮೊದಲ ಪುಟ ಬರೆಯುತ್ತಾರೆ, ಚಿತ್ತಾಲರ ವಾಕ್ಯ ನೆನಪಾಗುತ್ತದೆ, ಹರಿದು ಹಾಕುತ್ತಾರೆ. ಮತ್ತೆ ಮೊದಲ ಪುಟ. ಮನೆಗೆ ಪಾಯ ತೋಡುವ ಮೊದಲೇ ಬಾಗಿಲಿನ ಚೌಕಟ್ಟಿಗೆ ಪಾಲಿಶ್ ಹಾಕುತ್ತ ಕೂತಂತೆ.

ಇಂಥವರು ತಮ್ಮ ಒರಟು ಕರಡನ್ನು ಇನ್ನೊಬ್ಬರ ಅಚ್ಚಾದ ಪುಸ್ತಕದ ಜತೆ ಹೋಲಿಸುತ್ತಿರುತ್ತಾರೆ. ಕಾಫ್ಕಾ 1912ರ ಸೆಪ್ಟೆಂಬರ್ 22ರ ರಾತ್ರಿ ಕೂತು ಬೆಳಗಾಗುವಷ್ಟರಲ್ಲಿ 'ತೀರ್ಪು' ಕಥೆ ಮುಗಿಸಿದ ಎಂದು ಎಲ್ಲರೂ ಹೇಳುತ್ತಾರೆ. ಅದೇ ಕಾಫ್ಕಾ ಮೂರು ಕಾದಂಬರಿಗಳಲ್ಲಿ ಒಂದನ್ನೂ ಮುಗಿಸಲಿಲ್ಲ, ಹಸ್ತಪ್ರತಿಗಳನ್ನೆಲ್ಲ ಸುಡು ಎಂದು ಗೆಳೆಯನಿಗೆ ಬರೆದಿಟ್ಟಿದ್ದ ಎಂಬುದನ್ನು ಜತೆಗೇ ಹೇಳಿದರೆ ಚಿತ್ರ ಪೂರ್ತಿಯಾದೀತು.

ತಡವಾದದ್ದೆಲ್ಲ ಹೆದರಿಕೆ ಎಂದೂ ಅಲ್ಲ. ಕೆಲವು ವಸ್ತು ಮಾಗಲು ಕಾಲ ಬೇಡುತ್ತವೆ. ಅನಂತಮೂರ್ತಿಯವರು ಮಲೆನಾಡಿನ ಅಗ್ರಹಾರದ 'ಸಂಸ್ಕಾರ'ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್.ಡಿ.ಗೆಂದು ಹೋಗಿದ್ದಾಗ, ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿದ ಮೇಲೆ. ಕುವೆಂಪು 1936ರಲ್ಲಿ ಕೈಗೆತ್ತಿಕೊಂಡ 'ಶ್ರೀ ರಾಮಾಯಣ ದರ್ಶನಂ' ಅಚ್ಚಾದದ್ದು 1949ರಲ್ಲಿ. ಮಾಗುವುದಕ್ಕೂ ಮುಂದೂಡುವುದಕ್ಕೂ ವ್ಯತ್ಯಾಸ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ನಿಮ್ಮ ಟಿಪ್ಪಣಿ ಪುಸ್ತಕ ತೆಗೆಯಿರಿ. ಈ ಕಥೆಯ ಬಗ್ಗೆ ಆರು ತಿಂಗಳಲ್ಲಿ ಹೊಸ ಪಾತ್ರ, ಒಂದು ಸಂಭಾಷಣೆ, ಒಂದು ತಿರುವು ಸೇರಿದ್ದರೆ ಅದು ಮಾಗುತ್ತಿದೆ, ಬಿಡಿ. ಅಂದು ಹೇಳಿದ ಅದೇ ಎರಡು ಸಾಲನ್ನು ಇಂದೂ ಹೇಳುತ್ತಿದ್ದರೆ ಅದು ಮಾಗುತ್ತಿಲ್ಲ, ಕೊಳೆಯುತ್ತಿದೆ.

ಕೊಳೆಯುವ ಕಾಲಕ್ಕೆ ಒಳ್ಳೊಳ್ಳೆಯ ವೇಷಗಳೂ ಇರುತ್ತವೆ. 'ಇನ್ನೂ ಸ್ವಲ್ಪ ರಿಸರ್ಚ್ ಮಾಡ್ಬೇಕು' ಎಂಬುದು ಒಂದು. ಕಥಾ ಕಮ್ಮಟದಿಂದ ಕಮ್ಮಟಕ್ಕೆ ಓಡಾಡುವುದು ಇನ್ನೊಂದು. ಬರೆಯುವುದು ಹೇಗೆ ಎಂಬ ಲೇಖನ ಓದುವುದು ಮೂರನೆಯದು. ಆ ಲೆಕ್ಕದಲ್ಲಿ ನೀವೀಗ ಮಾಡುತ್ತಿರುವುದೂ ಅದೇ.

ಕೂರುವ ಬಗೆ

ಸ್ಫೂರ್ತಿ ಬರಲಿ ಎಂದು ಕಾಯುವವರು ರಾಬರ್ಟ್ ಬಾಯ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರಯೋಗವನ್ನು ತಿಳಿಯಬೇಕು. 1983ರಲ್ಲಿ ಪ್ರಕಟವಾದ ಅದರಲ್ಲಿ 27 ಪ್ರಾಧ್ಯಾಪಕರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ತುರ್ತಿಲ್ಲದೆ ಬರೆಯಬೇಡಿ ಎಂದರು, ಇನ್ನೊಂದಕ್ಕೆ ಮನಸ್ಸು ಬಂದಾಗ ಬರೆಯಿರಿ ಎಂದರು, ಮೂರನೆಯದಕ್ಕೆ ಗೊತ್ತುಮಾಡಿದ ಹೊತ್ತಿಗೆ ಬರೆಯಲೇಬೇಕು, ತಪ್ಪಿದರೆ ತಮಗೆ ಸೇರದ ಸಂಸ್ಥೆಯೊಂದಕ್ಕೆ ದೇಣಿಗೆ ಹೋಗುತ್ತದೆ ಎಂದರು. ಮೂರನೆಯ ಗುಂಪು ಎರಡನೆಯದಕ್ಕಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಬರೆಯಿತು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಅಚ್ಚರಿ ಇರುವುದು ಮುಂದೆ: ಹೊಸ ಆಲೋಚನೆಗಳು ಹೆಚ್ಚು ಹೊಳೆದದ್ದೂ ಬಲವಂತಕ್ಕೆ ಕೂತವರಿಗೇ, ದಿನಕ್ಕೊಂದರಂತೆ. ಮನಸ್ಸು ಬರಲಿ ಎಂದು ಕಾದವರಿಗೆ ಎರಡು ದಿನಕ್ಕೊಂದು. ಅವರು ಬರೆಯುತ್ತಿದ್ದದ್ದು ಕಥೆಯಲ್ಲ, ವಿದ್ವತ್ ಬರಹ; ಆದರೂ ಕೂತ ಮೇಲೆಯೇ ಹೊಳೆಯುವುದು ಎಂಬುದು ಕಥೆಗಾರರ ಅನುಭವವೂ ಹೌದು.

ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿದ್ದ ಆಂಥನಿ ಟ್ರೊಲೊಪ್ ಬೆಳಿಗ್ಗೆ ಐದೂವರೆಗೆ ಗಡಿಯಾರ ಎದುರಿಗಿಟ್ಟು ಕಾಲು ಗಂಟೆಗೆ 250 ಪದದಂತೆ ಬರೆದು, ಆಮೇಲೆ ಕಚೇರಿಗೆ ಹೋಗುತ್ತಿದ್ದ. 47 ಕಾದಂಬರಿ ಬರೆದ. ಈ ಲೆಕ್ಕವನ್ನು ಆತ್ಮಕಥೆಯಲ್ಲಿ ಓದಿ ವಿಮರ್ಶಕರು ಮೂಗು ಮುರಿದರಂತೆ. ನೀವು ಅಷ್ಟು ಮಾಡಬೇಕಿಲ್ಲ. ಕನ್ನಡದಲ್ಲಿ ಒಂದು ಸಲ ಕೂತರೆ ನೂರಿಪ್ಪತ್ತು ಪದ ಸಾಕು, ಅದು ಕೈಬರಹದಲ್ಲಿ ಸುಮಾರು ಒಂದು ಪುಟ. ಇಪ್ಪತ್ತು ಸಲ ಕೂತರೆ 2400 ಪದ, ಪತ್ರಿಕೆಗೆ ಒಪ್ಪುವ ಕಥೆಯ ಅಳತೆ.

'ನಾಳೆಯಿಂದ ಬರೀತೀನಿ' ಎನ್ನುವ ಬದಲು ಗಳಿಗೆ ಮತ್ತು ಜಾಗವನ್ನು ಒಂದಕ್ಕೊಂದು ಕಟ್ಟಿಹಾಕಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಹೀಗೆ 'ಇದಾದಾಗ ಇದು' ಎಂದು ಮೊದಲೇ ನಿಶ್ಚಯಿಸಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚು ಕೆಲಸ ಪೂರೈಸುತ್ತಾರೆಂದು ತೋರಿಸಿಕೊಟ್ಟರು. ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬಂದ ಕೂಡಲೇ ಊಟದ ಮೇಜಿನ ಕಿಟಕಿ ಬದಿಯ ಕುರ್ಚಿ. ಮೆಟ್ರೋದಲ್ಲಿ ಸೀಟು ಸಿಕ್ಕ ಕೂಡಲೇ ಫೋನಿನ ನೋಟ್ಸ್. ಅಷ್ಟು ನಿಖರವಾಗಿರಲಿ. ಶಿಫ್ಟ್ ಕೆಲಸದ ನರ್ಸುಗಳಿಗೆ, ಕೊಯ್ಲಿನ ದಿನಗಳ ರೈತರಿಗೆ ದಿನಾ ಒಂದೇ ಹೊತ್ತು ಎಂಬುದು ಆಗದ ಮಾತು. ಅವರು ವಾರಕ್ಕೆ ಮೂರು ಸಲ ಎಂದಿಟ್ಟುಕೊಳ್ಳಲಿ. ತಪ್ಪಿದ ದಿನವನ್ನು ಮರುದಿನ ಎರಡರಷ್ಟು ಬರೆದು ತೀರಿಸಲು ಹೋಗಬೇಡಿ. ಹಾಗೆ ಸಾಲ ಏರಿಸಿಕೊಂಡವರೇ ಕೊನೆಗೆ ಕೈಬಿಡುವುದು.

ಕೂತ ಮೇಲೆ ಫೋನ್ ಇನ್ನೊಂದು ಕೋಣೆಯಲ್ಲಿರಲಿ (ಅದರಲ್ಲೇ ಬರೆಯುವವರು ಡೇಟಾ ಆಫ್ ಮಾಡಲಿ). ಹಿಂದಿನ ಪುಟ ತಿದ್ದಲು ಹೋಗಬೇಡಿ. ಸಂತೆಯ ವಿವರ ಹೊಳೆಯದಿದ್ದರೆ 'ಇಲ್ಲಿ ಸಂತೆ' ಎಂದು ಬರೆದು ಮುಂದೆ ಹೋಗಿ. ಕಥೆಯನ್ನು ಶುರುವಿನಿಂದಲೇ ಬರೆಯಬೇಕೆಂದೂ ಇಲ್ಲ. ಯಾವ ದೃಶ್ಯ ಬರೆಯಲು ಎದೆ ನಡುಗುತ್ತದೋ ಅದನ್ನೇ ಮೊದಲ ವಾರದಲ್ಲಿ ಬರೆದುಬಿಡಿ, ಉಳಿದದ್ದು ಅರ್ಧ ಹಗುರವಾಗುತ್ತದೆ. ಏಳುವಾಗ ಹೆಮಿಂಗ್ವೇಯ ಉಪಾಯ ಮಾಡಿ: ಮುಂದೇನಾಗುತ್ತದೆ ಎಂದು ಗೊತ್ತಿರುವಾಗಲೇ ನಿಲ್ಲಿಸುವುದು, ಬೇಕಾದರೆ ವಾಕ್ಯದ ನಡುವೆಯೇ. ಮರುದಿನ ಖಾಲಿ ಹಾಳೆಯ ಎದುರು ಕೂರುವ ಪ್ರಸಂಗ ಬರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಬರೆಯುವುದಷ್ಟೇ ಅಲ್ಲ, ಊಟ, ನಿದ್ದೆ, ಮಾತುಕತೆ ಯಾವುದೂ ವಾರಗಟ್ಟಲೆ ಬೇಡವಾಗಿದ್ದರೆ ಅದು ಬರಹದ ಅಳುಕಲ್ಲ. ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಇದೆ.

ಒಬ್ಬ ಓದುಗ, ಒಂದು ಗಡುವು

ಮುಗಿದ ಕರಡನ್ನು ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಅಲ್ಲಿ ಸಿಗುವುದು ಕೈಮುಗಿದ ಚಿತ್ರ ಮತ್ತು 'ಸೂಪರ್'. ವಾರವೊಂದು ಡ್ರಾಯರಿನಲ್ಲಿಟ್ಟು, ಒಮ್ಮೆ ನೀವೇ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದಲ್ಲಿ ತಿದ್ದಿ, ಆಮೇಲೆ ಒಬ್ಬರಿಗೆ ಮಾತ್ರ ಕೊಡಿ. ಕಥೆ ಓದುವ ಹವ್ಯಾಸವಿರುವ, ನಿಮ್ಮನ್ನು ಮೆಚ್ಚಿಸುವ ಅಗತ್ಯವಿಲ್ಲದ ಒಬ್ಬರು. 'ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂದೇ ಹೇಳುತ್ತಾರೆ, ಪಾಪ. ಎಲ್ಲಿ ಬೇಜಾರು ಬಂತು, ಎಲ್ಲಿ ಅರ್ಥವಾಗಲಿಲ್ಲ, ಯಾವ ಪಾತ್ರ ನೆನಪಿಲ್ಲ ಎಂದು ಕೇಳಿ. ಹೇಳಿದ್ದಕ್ಕೆ ಸಮಜಾಯಿಷಿ ಕೊಡದೆ ಬರೆದುಕೊಳ್ಳಿ. ಎಲ್ಲವನ್ನೂ ಒಪ್ಪಬೇಕಿಲ್ಲ, ಆದರೆ ಬೇಜಾರು ಬಂದದ್ದು ನಿಜ.

ನಮಗೆ ನಾವೇ ಹಾಕಿಕೊಂಡ ಗಡುವು ರಬ್ಬರಿನದು, ಹೊರಗಿನದು ಬೇಕು. ಆ ಮಟ್ಟಿಗೆ ಕನ್ನಡದ ಕಥೆಗಾರರು ಅದೃಷ್ಟವಂತರು, ನಮಗೆ ದೀಪಾವಳಿ ಇದೆ. 'ಪ್ರಜಾವಾಣಿ'ಯ ದೀಪಾವಳಿ ಕಥಾಸ್ಪರ್ಧೆ ಎಷ್ಟೋ ಲೇಖಕರ ಮೊದಲ ಮೆಟ್ಟಿಲಾಗಿದೆ. ಇಂಥ ಸ್ಪರ್ಧೆಗಳ ಪ್ರಕಟಣೆ ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಬರುತ್ತದೆ. ಪದಮಿತಿ, ಕೊನೆಯ ದಿನ, ನುಡಿ ತಂತ್ರಾಂಶ ಅಥವಾ ಯೂನಿಕೋಡ್ ಯಾವುದರಲ್ಲಿ ಟೈಪ್ ಮಾಡಿರಬೇಕು ಎಂಬುದನ್ನೆಲ್ಲ ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ಒಂದು ಪುಸ್ತಕಕ್ಕಾಗುವಷ್ಟು ಕಥೆ ಕೂಡಿದಾಗ, ಮೊದಲ ಸಂಕಲನದ ಹಸ್ತಪ್ರತಿಗಳನ್ನು ಕರೆದು ಆಯ್ಕೆಯಾದದ್ದನ್ನು ಪ್ರಕಟಿಸುವ ಛಂದ ಪುಸ್ತಕ ಬಹುಮಾನ, ಯುವ ಬರಹಗಾರರ ಚೊಚ್ಚಲ ಕೃತಿಗೆ ನೆರವಾಗುವ ಕನ್ನಡ ಪುಸ್ತಕ ಪ್ರಾಧಿಕಾರದ ಯೋಜನೆ ಇವನ್ನು ವಿಚಾರಿಸಬಹುದು.

ಕಳಿಸಿದ ಮೇಲೆ ಎದುರಾಗುವುದು ಮೌನ. ಎಷ್ಟೋ ಪತ್ರಿಕೆಗಳು ಆಯ್ಕೆಯಾಗದ ಕಥೆಗೆ ಉತ್ತರ ಬರೆಯುವುದಿಲ್ಲ. ಇದು ಅಸಭ್ಯ ಎಂದೇ ನನ್ನ ಅಭಿಪ್ರಾಯ, ಆದರೆ ರಾಶಿ ರಾಶಿ ಬರುವ ಕಥೆಗಳನ್ನು ನೋಡಲು ಅಲ್ಲಿರುವುದು ಒಬ್ಬರೋ ಇಬ್ಬರೋ. ಆ ಮೌನವನ್ನು ತೀರ್ಪು ಎಂದು ತಿಳಿದು ಪೆನ್ನು ಮುಚ್ಚಿಟ್ಟವರನ್ನು ಕಂಡಿದ್ದೇನೆ. ಅದರ ಬದಲು ನೋಟ್‌ಬುಕ್ಕಿನ ಹಿಂಬದಿಯ ಪುಟದಲ್ಲಿ ಕಥೆಯ ಹೆಸರು, ಕಳಿಸಿದ ಪತ್ರಿಕೆ, ತಾರೀಖು ಬರೆದಿಡಿ. ಪ್ರತಿ ನಿಮ್ಮ ಬಳಿ ಇರಲಿ. ಒಂದೇ ಕಥೆಯನ್ನು ಒಂದೇ ಸಲ ಎರಡು ಕಡೆ ಕಳಿಸಬೇಡಿ. ಎರಡೂ ಕಡೆ ಅಚ್ಚಾದರೆ ಇಬ್ಬರು ಸಂಪಾದಕರ ವಿಶ್ವಾಸವೂ ಹೋಗುತ್ತದೆ. ಮೂರು ತಿಂಗಳು ಕಾದು, ಒಂದು ಸಾಲಿನ ವಿಚಾರಣೆ ಕಳಿಸಿ, ಅದಕ್ಕೂ ಉತ್ತರವಿಲ್ಲದಿದ್ದರೆ ಹಿಂತೆಗೆದುಕೊಂಡಿದ್ದೇನೆ ಎಂದು ತಿಳಿಸಿ ಇನ್ನೊಂದು ಪತ್ರಿಕೆಗೆ ಕಳಿಸಿ. ಈ ಮೂರು ತಿಂಗಳಲ್ಲಿ ಇನ್‌ಬಾಕ್ಸ್ ನೋಡುತ್ತ ಕೂರುವುದೂ ಮುಂದೂಡುವ ಇನ್ನೊಂದು ಬಗೆಯೇ. ಆದ್ದರಿಂದ ಕಥೆ ಕಳಿಸುವ ಮುನ್ನವೇ ಎರಡನೆಯ ಕಥೆಯ ಒಂದು ಪುಟವಾದರೂ ಬರೆದಿಟ್ಟುಕೊಳ್ಳಿ. ಮರುದಿನ ಅದೇ ಹೊತ್ತಿಗೆ ಆ ಕುರ್ಚಿಯಲ್ಲಿ ಕೂರಲು ಕೆಲಸ ಇರುತ್ತದೆ.